ಜಾಲತಾಣದ ಇಳಿಪಟ್ಟಿಯನ್ನು ಕಟ್ಟುವ ಬಗೆ

ಈ ವರ್ಷ ನಮ್ಮ ಹಿರಿಯ ತರಗತಿಗಳ ಹುಡುಗಿಯರು ಕಂಪ್ಯೂಟರ್ ಪಾಠದ ಅಂಗವಾಗಿ ಶಾಲೆಯ ಜಾಲತಾಣವನ್ನು ಹೊಸದಾಗಿ ಕಟ್ಟಲು ಕೈಹಾಕಿರುವ ಸಂಗತಿ ಈ ಸಂಚಿಕೆಯ ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಆ ಕೆಲಸದಲ್ಲಿ ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ದಣಿಸಿದ್ದು ಚಿತ್ರಗಳಲ್ಲ, ಬಣ್ಣಗಳೂ ಅಲ್ಲ. ಪುಟದ ನೆತ್ತಿಯ ಮೇಲೆ ಸಾಲಾಗಿ ನಿಲ್ಲುವ ‘ಶಾಲೆ’, ‘ಪ್ರವೇಶ’, ‘ತರಗತಿಗಳು’, ‘ವಿದ್ಯಾರ್ಥಿನಿ ನಿಲಯ’ ಮೊದಲಾದ ಶಿರೋನಾಮೆಗಳು ಮತ್ತು ಅವುಗಳ ಕೆಳಗೆ ಪರದೆಯಂತೆ ಇಳಿದು ಬರುವ ಉಪಪಟ್ಟಿಗಳು. ಇವಕ್ಕೆ ಡ್ರಾಪ್‌ಡೌನ್ ಮೆನು ಎಂದು ಹೆಸರು. ಈ ಲೇಖನದಲ್ಲಿ ನಾವು ಇಳಿಪಟ್ಟಿ ಎನ್ನುವೆವು. “ಲ್ಯಾಬಿನ ಕಂಪ್ಯೂಟರಿನಲ್ಲಿ ಚೆನ್ನಾಗಿ ಇಳಿಯುವ ಪಟ್ಟಿ ನಮ್ಮಮ್ಮನ ಫೋನಿನಲ್ಲಿ ಏಕೆ ಇಳಿಯುವುದಿಲ್ಲ, ಮಿಸ್?” ಎಂದು ಹತ್ತನೆಯ ತರಗತಿಯವಳೊಬ್ಬಳು ಕೇಳಿದಳು. ಪ್ರಶ್ನೆ ಚಿಕ್ಕದು, ಆದರೆ ಸರಿಯಾದ ಉತ್ತರ ಕೊಡಬೇಕಾದರೆ ಸುಮಾರು ಮೂವತ್ತು ವರ್ಷಗಳ ಚರಿತ್ರೆಯನ್ನು ತಿರುವಬೇಕಾಗುತ್ತದೆ. ಅದನ್ನು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆಯುವುದು ಒಳ್ಳೆಯದೆಂದು ನಮಗೆ ತೋರಿತು.

ಮೊದಲು ತಿಳಿಯತಕ್ಕದ್ದೇನೆಂದರೆ, ಜಾಲಪುಟವು ಅಚ್ಚಾದ ಪುಟದಂತಲ್ಲ. ಅಚ್ಚಿನ ಮನೆಯಿಂದ ಹೊರಟ ಪುಸ್ತಕವು ಯಾರ ಕೈಗೆ ಸೇರಿದರೂ ಒಂದೇ ರೂಪದಲ್ಲಿರುವುದು. ಜಾಲಪುಟವಾದರೋ ಬರಿಯ ಅಪ್ಪಣೆಗಳ ಕಟ್ಟು. ಆ ಅಪ್ಪಣೆಗಳನ್ನು ಓದಿ ಪುಟವನ್ನು ಬಿಡಿಸಿ ತೋರಿಸುವ ಕೆಲಸ ಬ್ರೌಸರಿನದು. ಒಂದೇ ಹೊಲಿಗೆಯ ಮಾದರಿಯನ್ನು ಬೇರೆ ಬೇರೆ ಕಡೆ ಹೊಲಿಗೆ ಕಲಿತ ಮೂವರಿಗೆ ಕೊಟ್ಟರೆ ಮೂರು ರವಿಕೆಗಳು ಒಂದೇ ತೆರನಾಗಿ ಬರುವುವೆಂದು ಹೇಳಲಾಗದಷ್ಟೆ, ಇಲ್ಲಿಯೂ ಹಾಗೆಯೇ. ಅಪ್ಪಣೆಗಳಾದರೂ ಮೂರು ಭಾಷೆಗಳಲ್ಲಿರುವುವು. ಇದು ಶಿರೋನಾಮೆ, ಇದು ಪಟ್ಟಿ, ಇದು ಕೊಂಡಿ ಎಂದು ಪದಾರ್ಥಗಳನ್ನು ಹೆಸರಿಸುವುದು ಎಚ್‌ಟಿಎಂಎಲ್. ಅವು ಹೇಗೆ ಕಾಣಬೇಕೆಂದು ತಿಳಿಸುವುದು ಸಿಎಸ್‌ಎಸ್. ಅವು ಹೇಗೆ ನಡೆದುಕೊಳ್ಳಬೇಕೆಂದು ವಿಧಿಸುವುದು ಜಾವಾಸ್ಕ್ರಿಪ್ಟ್. ಈ ಮೂರರ ಸ್ವಭಾವಗಳಲ್ಲಿ ಒಂದು ಮುಖ್ಯ ಭೇದವುಂಟು. ಸಿಎಸ್‌ಎಸ್‌ನಲ್ಲಿ ತನಗೆ ತಿಳಿಯದ ಮಾತು ಬಂದರೆ ಬ್ರೌಸರು ಸದ್ದಿಲ್ಲದೆ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಅರ್ಥವಾಗದ ವಾಕ್ಯರಚನೆ ಒಂದೇ ಒಂದು ಇದ್ದರೂ ಆ ಕಡತವೆಲ್ಲ ನಿಂತುಹೋಗುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುವುವು.

ಟಿಮ್ ಬರ್ನರ್ಸ್-ಲೀ ಎಂಬವರು ಸ್ವಿಟ್ಜರ್ಲೆಂಡಿನ ಸೆರ್ನ್ ಸಂಸ್ಥೆಯಲ್ಲಿದ್ದಾಗ 1990ರಲ್ಲಿ ಮೊದಲ ಬ್ರೌಸರನ್ನು ಬರೆದರು. ಅಂದಿನ ಪುಟಗಳಲ್ಲಿ ಬರಹವೂ ಕೊಂಡಿಗಳೂ ಮಾತ್ರ ಇದ್ದುವು. ಇಳಿಪಟ್ಟಿಯ ಗೊಡವೆಯೇ ಇರಲಿಲ್ಲ. ತೊಡಕು ಆರಂಭವಾದುದು 1997ರಲ್ಲಿ. ಆಗ ನೆಟ್‌ಸ್ಕೇಪಿನ ನಾಲ್ಕನೆಯ ಆವೃತ್ತಿಯೂ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿಯೂ ಒಂದರ ಮೇಲೊಂದು ಪೈಪೋಟಿಗೆ ನಿಂತುವು. ಪುಟದ ಭಾಗಗಳನ್ನು ಕಾಣಿಸುವುದೂ ಮರೆಮಾಡುವುದೂ ಎರಡರಲ್ಲಿಯೂ ಸಾಧ್ಯವಿತ್ತು. ಆದರೆ ಒಂದು ಅವುಗಳನ್ನು ‘ಲೇಯರ್ಸ್’ ಎಂದು ಕರೆಯಿತು, ಇನ್ನೊಂದು ‘ಆಲ್’ ಎಂದು ಕರೆಯಿತು. ಒಂದರ ಅಪ್ಪಣೆ ಇನ್ನೊಂದಕ್ಕೆ ತಿಳಿಯದು. ಹೀಗಿರಲಾಗಿ ಒಂದೇ ಇಳಿಪಟ್ಟಿಯನ್ನು ಎರಡು ಸಾರಿ ಬರೆದು, ಬಂದ ಬ್ರೌಸರಿನ ಹೆಸರನ್ನು ಕೇಳಿ, ಅದಕ್ಕೆ ತಕ್ಕ ಪ್ರತಿಯನ್ನು ಕೊಡುವ ಪದ್ಧತಿ ಬಳಕೆಗೆ ಬಂತು.

ಹೆಸರು ಕೇಳುವ ಈ ಪದ್ಧತಿಯ ಫಲವನ್ನು ಒಂದು ಮಾತಿನಲ್ಲಿ ಹೇಳಿಬಿಡುವೆವು. ಹೊಸ ಬ್ರೌಸರುಗಳು ಒಳ್ಳೆಯ ಪ್ರತಿಯಿಂದ ವಂಚಿತವಾಗಬಾರದೆಂದು ಹಳೆಯವುಗಳ ಹೆಸರನ್ನೇ ಹೇಳಿಕೊಳ್ಳಲು ಕಲಿತುವು. ಇಂದು ಕೂಡ ಕ್ರೋಮ್, ಸಫಾರಿ, ಎಡ್ಜ್ ಎಲ್ಲವೂ ತಮ್ಮ ಪರಿಚಯದ ಸಾಲನ್ನು ‘ಮೊಜಿಲ್ಲಾ’ ಎಂದೇ ಆರಂಭಿಸುತ್ತವೆ. ಹಾಜರಿ ಕೂಗುವಾಗ ತರಗತಿಯವರೆಲ್ಲರೂ ಒಂದೇ ಹೆಸರಿಗೆ ಓಗೊಟ್ಟಂತೆ ಇದು! ಆದುದರಿಂದ ನಮ್ಮ ಹುಡುಗಿಯರಿಗೆ ನಾವು ಹೇಳಿಕೊಟ್ಟಿರುವುದು, ಬ್ರೌಸರಿನ ಹೆಸರನ್ನು ಕೇಳಕೂಡದು, ಅದಕ್ಕೆ ಏನು ಬರುತ್ತದೆಂಬುದನ್ನು ಕೇಳಬೇಕು ಎಂದು. ಸಿಎಸ್‌ಎಸ್‌ನಲ್ಲಿ ‘ಸಪೋರ್ಟ್ಸ್’ ಎಂಬ ನಿಯಮವು ಈ ಪರೀಕ್ಷೆಯನ್ನೇ ಮಾಡುತ್ತದೆ.

2001ರಲ್ಲಿ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿಯು ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲಿ ಮನೆಮನೆಗೂ ಕಚೇರಿಕಚೇರಿಗೂ ಬಂತು. ಮುಂದಿನ ಆವೃತ್ತಿಗಾಗಿ ಲೋಕವು 2006ರ ತನಕ ಕಾಯಬೇಕಾಯಿತು. ಮೌಸಿನ ಬಾಣವು ಯಾವುದಾದರೂ ಭಾಗದ ಮೇಲೆ ಬಂದಾಗ ಆಗಬೇಕಾದುದನ್ನು ಹೇಳುವುದಕ್ಕೆ ಸಿಎಸ್‌ಎಸ್‌ನಲ್ಲಿ ‘ಹೋವರ್’ ಎಂಬ ಮಾತು ಇದೆ. ಆರನೆಯ ಆವೃತ್ತಿಯಾದರೋ ಈ ಮಾತನ್ನು ಕೊಂಡಿಗಳ ವಿಷಯದಲ್ಲಿ ಮಾತ್ರ ಮನ್ನಿಸುತ್ತಿತ್ತು. ಪಟ್ಟಿಯ ಸಾಲಿನ ವಿಷಯದಲ್ಲಿ ಹೇಳಿದರೆ ಕಿವಿಗೊಡುತ್ತಿರಲಿಲ್ಲ. ಇಳಿಪಟ್ಟಿಯು ಕೊಂಡಿಯ ಒಳಗಿರದೆ ಸಾಲಿನ ಒಳಗಿರುವುದರಿಂದ ಪಟ್ಟಿ ಇಳಿಯುತ್ತಲೇ ಇರಲಿಲ್ಲ. ಇದಕ್ಕೆ ಪ್ಯಾಟ್ರಿಕ್ ಗ್ರಿಫಿತ್ಸ್ ಮತ್ತು ಡ್ಯಾನ್ ವೆಬ್ ಎಂಬಿಬ್ಬರು 2003ರ ನವೆಂಬರಿನಲ್ಲಿ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ಸಕ್ಕರ್‌ಫಿಶ್. ದೊಡ್ಡ ಮೀನಿನ ಮೈಗೆ ಅಂಟಿಕೊಂಡು ಸಂಚರಿಸುವ ಮೀನಿನ ಹೆಸರದು. ಪಟ್ಟಿಯನ್ನು ಸಾಮಾನ್ಯವಾದ ಎಚ್‌ಟಿಎಂಎಲ್ ಪಟ್ಟಿಯಾಗಿಯೇ ಬರೆದು, ರೂಪವನ್ನೆಲ್ಲ ಸಿಎಸ್‌ಎಸ್‌ಗೆ ಒಪ್ಪಿಸಿ, ಹೋವರನ್ನು ಅರಿಯದ ಎಕ್ಸ್‌ಪ್ಲೋರರಿಗೆ ಮಾತ್ರ ಹತ್ತುಹನ್ನೆರಡು ಸಾಲುಗಳ ಜಾವಾಸ್ಕ್ರಿಪ್ಟನ್ನು ಊರುಗೋಲಾಗಿ ಕೊಡುವುದೇ ಆ ಉಪಾಯ. ಬಾಣವು ಸಾಲಿನ ಮೇಲೆ ಬಂದೊಡನೆ ಆ ಊರುಗೋಲು ಸಾಲಿಗೆ ಒಂದು ಗುರುತಿನ ಹೆಸರನ್ನು ಅಂಟಿಸುವುದು, ಹೋದೊಡನೆ ಕಿತ್ತುಹಾಕುವುದು. ಇದು ನೂರಾರು ಸಾಲುಗಳ ಹಿಂದಿನ ಲಿಪಿಗಳನ್ನು ಮೂಲೆಗೆ ತಳ್ಳಿತು.

ಆರನೆಯ ಆವೃತ್ತಿಯ ಇನ್ನೊಂದು ಉಪದ್ರವವನ್ನು ಹಳಬರು ಈಗಲೂ ನೆನೆಯುವರು. ಪಟ್ಟಿ ಇಳಿದು ಬಂದರೂ, ಅದರ ಕೆಳಗೆ ಅರ್ಜಿಯ ನಮೂನೆಯ ಆಯ್ಕೆಪೆಟ್ಟಿಗೆಯಿದ್ದರೆ, ಆ ಪೆಟ್ಟಿಗೆಯು ಪಟ್ಟಿಯನ್ನು ಸೀಳಿಕೊಂಡು ಮೇಲೆ ಕಾಣಿಸುತ್ತಿತ್ತು. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅಪ್ಪಣೆಗೆ ಅದು ಒಳಪಡುತ್ತಿರಲಿಲ್ಲ. ಪಟ್ಟಿಯ ಅಡಿಯಲ್ಲಿ ಖಾಲಿಯಾದ ಐಫ್ರೇಮ್ ಒಂದನ್ನು ಹಾಸಿ ಅದನ್ನು ಮುಚ್ಚಬೇಕಾಗಿತ್ತು. ಈ ಕಷ್ಟಗಳು ಈಗ ಇಲ್ಲ. ಎಕ್ಸ್‌ಪ್ಲೋರರಿನ ಕೊನೆಯ ಆವೃತ್ತಿಯಾದ ಹನ್ನೊಂದನೆಯದಕ್ಕೂ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿತು. ಆದರೆ ಸಕ್ಕರ್‌ಫಿಶ್ ಹಾಕಿಕೊಟ್ಟ ಕ್ರಮ ಮಾತ್ರ ಹಳೆಯದಾಗಿಲ್ಲ: ಮೊದಲು ಪಟ್ಟಿ, ಆಮೇಲೆ ರೂಪ, ಕಡೆಗೆ ನಡತೆ.

ಆ ಕ್ರಮದಂತೆ ಕಟ್ಟುವುದು ಹೇಗೆಂಬುದನ್ನು ಈಗ ನೋಡೋಣ. ‘ನ್ಯಾವ್’ ಎಂಬ ಅಂಗದೊಳಗೆ ಒಂದು ಪಟ್ಟಿ. ಪಟ್ಟಿಯ ಪ್ರತಿ ಸಾಲಿನಲ್ಲಿ ಒಂದು ನಿಜವಾದ ಕೊಂಡಿ. ಉಪಪಟ್ಟಿಯಿರುವಲ್ಲಿ ಆ ಸಾಲಿನ ಒಳಗೇ ಇನ್ನೊಂದು ಪಟ್ಟಿ. ಇಷ್ಟನ್ನು ಬರೆದು, ಯಾವ ಅಲಂಕಾರವನ್ನೂ ಸೇರಿಸದೆ ತೆರೆದು ನೋಡತಕ್ಕದ್ದು. ಪುಸ್ತಕದ ಪರಿವಿಡಿಯಂತೆ ಎಲ್ಲವೂ ನೇರವಾಗಿ ಕಾಣುವುದು; ಎಷ್ಟು ಹಳೆಯ ಬ್ರೌಸರಿನಲ್ಲಿಯಾದರೂ ಕೊಂಡಿಗಳು ಕೆಲಸ ಮಾಡುವುವು. ಒಪೆರಾ ಮಿನಿಯಂಥ ಬ್ರೌಸರುಗಳು ಡೇಟಾ ಉಳಿಸುವುದಕ್ಕಾಗಿ ಪುಟವನ್ನು ದೂರದ ಸರ್ವರಿನಲ್ಲಿಯೇ ಕುಗ್ಗಿಸಿ ಕಳುಹಿಸುವುದುಂಟು. ಅಲ್ಲಿ ಜಾವಾಸ್ಕ್ರಿಪ್ಟಿನ ಆಟ ಬಹಳ ನಡೆಯದು. ಅಂಥವರ ಪಾಲಿಗೆ ಈ ಬರಿಯ ಪಟ್ಟಿಯೇ ಬಾಗಿಲು. ‘ಪ್ರವೇಶ’ ಎಂಬ ಶಿರೋನಾಮೆಯೂ ಸುಮ್ಮನೆ ಇರದೆ ಒಂದು ಪುಟಕ್ಕೆ ಕರೆದೊಯ್ಯಬೇಕು, ಆ ಪುಟದಲ್ಲಿ ಉಪಪಟ್ಟಿಯ ಕೊಂಡಿಗಳೆಲ್ಲ ಮತ್ತೊಮ್ಮೆ ಇರಬೇಕು ಎಂದು ನಾವು ಹಟ ಹಿಡಿದಿರುವುದು ಇದಕ್ಕಾಗಿಯೇ.

ತರುವಾಯ ರೂಪ. ಹೊರಸಾಲಿಗೆ ‘ರಿಲೆಟಿವ್’ ಎಂದೂ ಒಳಪಟ್ಟಿಗೆ ‘ಆಬ್ಸೊಲ್ಯೂಟ್’ ಎಂದೂ ಸ್ಥಾನವನ್ನು ವಿಧಿಸಿದರೆ ಒಳಪಟ್ಟಿಯು ತನ್ನ ಸಾಲಿನ ಕೆಳಗೇ ಬಂದು ನಿಲ್ಲುವುದು. ಪುಟದ ಉಳಿದ ಬರಹವನ್ನು ಕೆಳಕ್ಕೆ ನೂಕದು. ಅದನ್ನು ಮೊದಲು ಮರೆಮಾಡಿಟ್ಟು, ಬಾಣ ಬಂದಾಗ ಕಾಣಿಸಬೇಕು. ಕೀಲಿಮಣೆಯ ಟ್ಯಾಬ್ ಕೀಲಿಯಿಂದ ಬರುವವರಿಗಾಗಿ ‘ಫೋಕಸ್-ವಿದಿನ್’ ಎಂಬ ಮಾತು ಉಂಟು: ಸಾಲಿನ ಒಳಗೆ ಎಲ್ಲಿಯಾದರೂ ಫೋಕಸ್ ಇರುವಾಗ ಪಟ್ಟಿಯನ್ನು ತೆರೆದಿಡು ಎಂದು ಅದರ ಅರ್ಥ. ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಹೋವರನ್ನೂ ಫೋಕಸ್-ವಿದಿನ್ನನ್ನೂ ಅಲ್ಪವಿರಾಮ ಹಾಕಿ ಒಂದೇ ನಿಯಮದಲ್ಲಿ ಬರೆದರೆ, ಎರಡನೆಯದನ್ನು ಅರಿಯದ ಹಳೆಯ ಬ್ರೌಸರು ಇಡೀ ನಿಯಮವನ್ನೇ ಬಿಟ್ಟುಬಿಡುವುದು. ತಾನು ಬಲ್ಲ ಹೋವರ್ ಕೂಡ ಅದರೊಂದಿಗೆ ಹೋಗುವುದು. ಎರಡನ್ನು ಎರಡು ನಿಯಮಗಳಾಗಿ ಬರೆದರೆ ಈ ಹಾನಿಯಿಲ್ಲ. ನಾವು ನೋಡಿದ ಮಟ್ಟಿಗೆ, ಕಲಿಯುವವರು ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವುದು ಇಂಥ ಒಂದು ಅಲ್ಪವಿರಾಮದಿಂದಲೇ.

ಶಿರೋನಾಮೆಗೂ ಪಟ್ಟಿಗೂ ನಡುವೆ ಅಂದಕ್ಕಾಗಿ ತೆರವು ಬಿಡುವ ಅಭ್ಯಾಸವೂ ಕೆಟ್ಟದ್ದು. ಬಾಣವು ಆ ತೆರವನ್ನು ದಾಟುವಷ್ಟರಲ್ಲಿ ಪಟ್ಟಿ ಮುಚ್ಚಿಹೋಗುವುದು. ಹೊರಗಿನ ಅಂಚಿಗೆ ಬದಲಾಗಿ ಒಳಗಿನ ಅಂಚನ್ನು ಕೊಟ್ಟರೆ ಕಣ್ಣಿಗೆ ಅದೇ ತೆರವು ಕಂಡರೂ ಬಾಣಕ್ಕೆ ಸೇತುವೆಯಾಗುತ್ತದೆ. ಪಕ್ಕಕ್ಕೆ ತೆರೆಯುವ ಎರಡನೆಯ ಹಂತದ ಪಟ್ಟಿಯ ಕಡೆಗೆ ಮನುಷ್ಯರ ಕೈ ಓರೆಯಾಗಿ ಹೋಗುವುದು ಸಹಜ. ಓರೆಯಾಗಿ ಹೋದರೆ ಬಾಣವು ಕೆಳಗಣ ಸಾಲನ್ನು ಮುಟ್ಟಿ ಬೇರೊಂದು ಪಟ್ಟಿ ತೆರೆದುಬಿಡುವುದು. ಮುಚ್ಚುವ ಮೊದಲು ಸೆಕೆಂಡಿನ ಮೂರರಲ್ಲೊಂದು ಪಾಲಿನಷ್ಟು ಸೈರಿಸಿದರೆ ಈ ಕಿರಿಕಿರಿ ಬಹಳ ಮಟ್ಟಿಗೆ ತಗ್ಗುವುದು. ಕೈ ನಡುಗುವ ವೃದ್ಧರಿಗೆ ಇದರಿಂದಾಗುವ ಉಪಕಾರ ಸಣ್ಣದಲ್ಲ. ಆದರೂ ನಮ್ಮನ್ನು ಕೇಳಿದರೆ, ಎರಡನೆಯ ಹಂತವನ್ನೇ ಇಡದಿರುವುದು ಮೇಲು.

ಇನ್ನು ಫೋನಿನ ವಿಷಯ. ಆ ಹುಡುಗಿಯ ಪ್ರಶ್ನೆಗೆ ನೇರವಾದ ಉತ್ತರ ಇಲ್ಲಿದೆ. ಬೆರಳಿಗೆ ಹೋವರ್ ಎಂಬುದಿಲ್ಲ. ಮೌಸಿನ ಬಾಣವು ಒತ್ತದೆಯೇ ಒಂದೆಡೆ ತಂಗಬಲ್ಲದು; ಬೆರಳಾದರೋ ಮುಟ್ಟುವುದು, ಇಲ್ಲವೆ ಮುಟ್ಟದಿರುವುದು, ಇವೆರಡೇ. 2007ರಲ್ಲಿ ಐಫೋನ್ ಬಂದ ತರುವಾಯ ಕೆಲವು ಬ್ರೌಸರುಗಳು ಮೊದಲ ಮುಟ್ಟುವಿಕೆಯನ್ನು ಹೋವರ್ ಎಂದು ಭಾವಿಸಿ ಎರಡನೆಯದನ್ನು ಒತ್ತಿದಂತೆ ಎಣಿಸುವ ಹೊಂದಾಣಿಕೆಯನ್ನು ಮಾಡಿಕೊಂಡುವು. ಅದು ಎಲ್ಲ ಕಡೆ ಒಂದೇ ತೆರನಾಗಿ ನಡೆಯುವುದಿಲ್ಲ. ಹೊರಗಿನ ಹೆಸರನ್ನು ನಂಬುವಂತೆಯೂ ಇಲ್ಲ. ಐಫೋನಿನಲ್ಲಿ ಕ್ರೋಮ್ ಎಂಬ ಹೆಸರಿನಿಂದ ಬಂದುದರ ಒಳಗೂ ಸಫಾರಿಯ ವೆಬ್‌ಕಿಟ್ ಎಂಜಿನನ್ನೇ ಇಡತಕ್ಕದ್ದೆಂಬ ಆಪಲ್ ಕಂಪೆನಿಯ ಕಟ್ಟಳೆಗೆ 2024ರಲ್ಲಿ ಯೂರೋಪಿನ ಒಕ್ಕೂಟಕ್ಕೆ ವಿನಾಯಿತಿ ದೊರೆಯುವ ತನಕ ಎಲ್ಲಿಯೂ ಸಡಿಲಿಕೆ ಇರಲಿಲ್ಲ.

ಇದು ಬರಿಯ ಚಮತ್ಕಾರದ ಮಾತಲ್ಲವೆಂಬುದಕ್ಕೆ ಒಂದು ನಿದರ್ಶನ ಕೊಡುವೆವು. ಕೆಲವು ವರ್ಷಗಳ ಕೆಳಗೆ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಸಮೀಪಿಸಿದಾಗ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ಒಂದು ದಿನದ ಕೂಲಿಯನ್ನು ಬಿಟ್ಟು ಎರಡು ಬಸ್ಸು ಬದಲಾಯಿಸಿ ಶಾಲೆಗೆ ಬಂದರು. “ಬೆರಳಿಟ್ರೆ ಪಟ್ಟಿ ಬರ್ತದೆ ಟೀಚರಮ್ಮ, ಎತ್ತಿದ್ರೆ ಹೋಗ್ತದೆ. ಫಾರಂ ಎಲ್ಲಿದೆ ಅಂತಲೇ ಕಾಣ್ಲಿಲ್ಲ” ಎಂದರು. ಅದು ಒಂದು ಕಚೇರಿಯ ಜಾಲತಾಣ. ಹೆಸರು ಇಲ್ಲಿ ಬೇಡ. ಕಟ್ಟಿದವರು ತಮ್ಮ ಮೇಜಿನ ಮೇಲಣ ಕಂಪ್ಯೂಟರಿನಲ್ಲಿ ಅದನ್ನು ಪರೀಕ್ಷಿಸಿಯೇ ಇರಬೇಕು, ಅಲ್ಲಿ ಅದು ಅಂದವಾಗಿಯೇ ಇಳಿದಿರಬೇಕು. ಆ ತಾಯಿಯೂ ತಮ್ಮ ಫೋನನ್ನು ಬಳಸಬೇಕಾದ ಕ್ರಮದಲ್ಲಿಯೇ ಬಳಸಿದ್ದರು. ಹೀಗಿದ್ದೂ ಅವರ ಒಂದು ದಿನದ ದುಡಿಮೆ ಹೋಯಿತು.

ಪರಿಹಾರವು ಕಠಿಣವಲ್ಲ. ಶಿರೋನಾಮೆಯ ಪಕ್ಕದಲ್ಲಿ ಒಂದು ಗುಂಡಿಯನ್ನಿಟ್ಟು, ಒತ್ತಿದರೆ ತೆರೆಯುವಂತೆಯೂ ಮತ್ತೆ ಒತ್ತಿದರೆ ಮುಚ್ಚುವಂತೆಯೂ ಮಾಡತಕ್ಕದ್ದು. ಗುಂಡಿಯು ಬೆರಳಿಗೂ ಮೌಸಿಗೂ ಕೀಲಿಮಣೆಗೂ ಸಮಾನವಾಗಿ ಓಗೊಡುವುದು. ಹೋವರಿನಿಂದ ತೆರೆಯುವುದನ್ನು ಬೇಕಾದರೆ ಉಳಿಸಿಕೊಳ್ಳಬಹುದು. ಆದರೆ ನಿಜವಾಗಿ ಹೋವರ್ ಮಾಡಬಲ್ಲ ಯಂತ್ರಗಳಿಗೆ ಮಾತ್ರ ಅದು ಅನ್ವಯಿಸುವಂತೆ ಸಿಎಸ್‌ಎಸ್‌ನ ಮೀಡಿಯಾ ನಿಯಮದಿಂದ ಕಟ್ಟುಪಾಡು ಮಾಡಬೇಕು. ಗುಂಡಿಯ ಕೆಲಸವನ್ನೂ ಫೋಕಸ್-ವಿದಿನ್ನಿಗೇ ಒಪ್ಪಿಸಿ ಜಾವಾಸ್ಕ್ರಿಪ್ಟನ್ನು ಉಳಿಸಬಹುದೆಂದು ಜಾಣೆಯೊಬ್ಬಳು ಸೂಚಿಸಿದಳು. ಕ್ರೋಮಿನಲ್ಲಿ ಅದು ನಡೆಯಿತು. ಆದರೆ ಸಫಾರಿಯಲ್ಲಿ ಗುಂಡಿಯನ್ನು ಮೌಸಿನಿಂದ ಒತ್ತಿದರೆ ಆ ಗುಂಡಿಗೆ ಫೋಕಸ್ ಬರುವುದೇ ಇಲ್ಲ; ಆದುದರಿಂದ ಪಟ್ಟಿಯೂ ತೆರೆಯದು. ಸಣ್ಣದೊಂದು ಜಾವಾಸ್ಕ್ರಿಪ್ಟ್ ಇಲ್ಲಿ ಬೇಕೇ ಬೇಕು. ಈಚೆಗೆ ಎಚ್‌ಟಿಎಂಎಲ್‌ನಲ್ಲಿಯೇ ‘ಪಾಪೋವರ್’ ಎಂಬ ಗುಣ ಸೇರಿದೆ. 2024ರ ಏಪ್ರಿಲಿನಲ್ಲಿ ಫೈರ್‌ಫಾಕ್ಸ್ ಕೂಡ ಅದನ್ನು ಅಂಗೀಕರಿಸಿತು. ಹೊಸ ಯಂತ್ರಗಳಲ್ಲಿ ಇದರಿಂದ ಕೆಲಸ ಹಗುರವಾಗುವುದು ನಿಜ. ಆದರೆ ಐದಾರು ವರ್ಷದ ಹಳೆಯ ಫೋನುಗಳು ಇನ್ನೂ ನಮ್ಮ ಪೋಷಕರ ಕೈಯಲ್ಲಿರುವಾಗ ಅದೊಂದನ್ನೇ ನಂಬುವುದು ನಮಗೆ ಸರಿದೋರಲಿಲ್ಲ.

ಕಣ್ಣು ಕಾಣದವರು ಪುಟವನ್ನು ಕಿವಿಯಿಂದ ಓದುವರು. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್ ಎಂಬವರು, ತಾವೇ ಅಂಧರಾಗಿದ್ದು, ಎನ್‌ವಿಡಿಎ ಎಂಬ ಓದುವ ತಂತ್ರಾಂಶವನ್ನು ಬರೆಯಲಾರಂಭಿಸಿದರು. ಅದು ಈಗಲೂ ಉಚಿತವಾಗಿ ದೊರೆಯುತ್ತದೆ. ಅಂಥ ತಂತ್ರಾಂಶಕ್ಕೆ ಪಟ್ಟಿ ತೆರೆದಿದೆಯೋ ಮುಚ್ಚಿದೆಯೋ ತಿಳಿಯಬೇಕಾದರೆ ಗುಂಡಿಗೆ ‘ಏರಿಯಾ-ಎಕ್ಸ್‌ಪ್ಯಾಂಡೆಡ್’ ಎಂಬ ಗುಣವನ್ನು ಕೊಟ್ಟು, ತೆರೆದಾಗ ಹೌದೆಂದೂ ಮುಚ್ಚಿದಾಗ ಇಲ್ಲವೆಂದೂ ಬದಲಾಯಿಸುತ್ತಿರಬೇಕು. ಪಟ್ಟಿಗೆ ‘ಮೆನು’ ಎಂಬ ಪಾತ್ರವನ್ನು ಕೊಡುವುದು ಪಾಂಡಿತ್ಯವೆಂದು ಕೆಲವರು ತಿಳಿದಿರುವರು; ಅದು ತಪ್ಪು ದಾರಿ. ಆ ಪಾತ್ರವು ಕಂಪ್ಯೂಟರಿನ ಕಾರ್ಯಕ್ರಮಗಳ ಆಜ್ಞಾಪಟ್ಟಿಗಳಿಗಾಗಿ ಏರ್ಪಟ್ಟದ್ದು. ಅದನ್ನು ಕೇಳಿದ ಅಂಧ ವಾಚಕರು ಬಾಣದ ಕೀಲಿಗಳಿಂದ ಸಂಚರಿಸಬಹುದೆಂದು ನಂಬಿ, ಹಾಗೆ ಆಗದೆ ಕಂಗೆಡುವರು. 2018ರ ಜೂನಿನಲ್ಲಿ ಹೊರಟ ಡಬ್ಲ್ಯೂಸಿಎಜಿ 2.1 ಎಂಬ ಸುಗಮತೆಯ ಸೂತ್ರಗಳಲ್ಲಿ, ಹೋವರಿನಿಂದ ತೆರೆದುದು ಎಸ್ಕೇಪ್ ಕೀಲಿಯಂಥ ಒಂದು ಉಪಾಯದಿಂದ ಮುಚ್ಚುವಂತಿರಬೇಕು, ಅದರ ಮೇಲೆ ಬಾಣವನ್ನು ಒಯ್ದರೆ ಮಾಯವಾಗಬಾರದು, ತಾನಾಗಿ ಕಣ್ಮರೆಯಾಗಬಾರದು ಎಂದು ವಿಧಿಸಲ್ಪಟ್ಟಿದೆ. 2023ರ ಅಕ್ಟೋಬರಿನ 2.2ರಲ್ಲಿ ಒತ್ತುವ ಜಾಗಗಳ ಕನಿಷ್ಠ ಅಳತೆ ಸಿಎಸ್‌ಎಸ್‌ನ 24 ಪಿಕ್ಸೆಲುಗಳೆಂದು ನಿಗದಿಯಾಯಿತು. ದುಡಿದು ಒರಟಾದ ಬೆರಳುಗಳಿಗೆ ಅದೂ ಸಾಲದೆಂದು ತೋರಿದುದರಿಂದ ನಾವು 44 ಇಟ್ಟುಕೊಂಡೆವು.

ಕನ್ನಡದಲ್ಲಿ ಇಳಿಪಟ್ಟಿ ಕಟ್ಟುವವರು ಇಂಗ್ಲಿಷ್ ಮಾದರಿಗಳನ್ನು ಹಾಗೆಯೇ ಎತ್ತಿಕೊಳ್ಳಕೂಡದು. ನಮ್ಮ ಅಕ್ಷರಗಳಿಗೆ ಒತ್ತುಗಳುಂಟು. ಅವು ಸಾಲಿನ ಕೆಳಕ್ಕೆ ಇಳಿಯುವುವು. ‘ವಿದ್ಯಾರ್ಥಿನಿ’, ‘ಶಿಕ್ಷಣ’, ‘ಪತ್ರವ್ಯವಹಾರ’ ಎಂಬ ಶಬ್ದಗಳನ್ನು ಇಂಗ್ಲಿಷಿನ ಅಳತೆಯ ಇಕ್ಕಟ್ಟಾದ ಸಾಲಿನಲ್ಲಿ ಕೂರಿಸಿ, ಹೊರಚಾಚಿದ್ದನ್ನು ಕತ್ತರಿಸೆಂದು ಅಪ್ಪಣೆ ಕೊಟ್ಟರೆ ಒತ್ತಕ್ಷರಗಳ ಕಾಲುಗಳು ಕತ್ತರಿಸಿಹೋಗುವುವು. ಅಕ್ಷರದ ಗಾತ್ರದ ಒಂದೂವರೆ ಪಾಲಿಗೂ ಮಿಕ್ಕ ಸಾಲಿನ ಎತ್ತರ ಬೇಕು. ಅಗಲವನ್ನಂತೂ ಪಿಕ್ಸೆಲುಗಳಲ್ಲಿ ಬಿಗಿಯಲೇಕೂಡದು. ವಿಂಡೋಸಿನಲ್ಲಿ ನಿರ್ಮಲಾ, ಆಂಡ್ರಾಯ್ಡಿನಲ್ಲಿ ನೋಟೊ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಎಂದು ಒಂದೊಂದು ಕಡೆ ಒಂದೊಂದು ಅಕ್ಷರಮಾಲೆ ಇರುವುದರಿಂದ ಅದೇ ಶಬ್ದವು ಒಂದರಲ್ಲಿ ಒಂದು ಸಾಲಿಗೆ ಹಿಡಿದರೆ ಇನ್ನೊಂದರಲ್ಲಿ ಎರಡು ಸಾಲಾಗುವುದು. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನ ಮೊದಲಲ್ಲಿಯೇ ನಮೂದಿಸಬೇಕು. ಇಲ್ಲದಿದ್ದರೆ ಓದುವ ತಂತ್ರಾಂಶವು ಕನ್ನಡವನ್ನು ಇಂಗ್ಲಿಷಿನ ದನಿಯಿಂದ ಓದಲು ಹವಣಿಸುವ ಸಂಭವವುಂಟು.

ಪರೀಕ್ಷೆಯ ವಿಷಯದಲ್ಲಿ ನಮ್ಮ ಪದ್ಧತಿ ಸರಳವಾದುದು. ಕ್ರೋಮ್, ಎಡ್ಜ್, ಒಪೆರಾ ಎಂಬ ಮೂರು ಹೆಸರುಗಳನ್ನು ಕಂಡು ಮೂರು ಪರೀಕ್ಷೆಗಳಾದುವೆಂದು ತೃಪ್ತಿಪಡಲಾಗದು. 2020ರ ಜನವರಿಯಲ್ಲಿ ಎಡ್ಜ್ ಕೂಡ ಕ್ರೋಮಿನ ಎಂಜಿನನ್ನೇ ಕೈಕೊಂಡಿತು. ಒಪೆರಾ ಅದಕ್ಕೂ ಮುಂಚೆಯೇ ಕೈಕೊಂಡಿತ್ತು. ಆದುದರಿಂದ ಕ್ರೋಮಿನ ಬ್ಲಿಂಕ್, ಸಫಾರಿಯ ವೆಬ್‌ಕಿಟ್, ಫೈರ್‌ಫಾಕ್ಸಿನ ಗೆಕೊ, ಈ ಮೂರೂ ಎಂಜಿನುಗಳಲ್ಲಿ ಒಂದೊಂದು ಸಲ ನೋಡಬೇಕು. ಆಮೇಲೆ ಮೌಸನ್ನು ಕಿತ್ತಿಟ್ಟು ಕೀಲಿಮಣೆಯೊಂದರಿಂದಲೇ ಅರ್ಜಿಯ ಪುಟದ ತನಕ ಹೋಗಬೇಕು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಆರಿಸಿ, ಎನ್‌ವಿಡಿಎಯ ದನಿಯನ್ನು ಕೇಳುತ್ತ ಅದೇ ಪುಟಕ್ಕೆ ಹೋಗಬೇಕು. ಕೊನೆಗೆ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ ಇನ್ನೊಮ್ಮೆ. ಬಡಗಿಯೂ ಬಾಗಿಲನ್ನು ಒಂದೇ ಕಡೆಯಿಂದ ತೆಗೆದು ನೋಡಿ ಮನೆಗೆ ಹೋಗುವುದಿಲ್ಲವಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಹುಡುಗಿಯರಿಗೆ ತಾವಾಗಿಯೇ ಒಂದು ಸಂಗತಿ ಗೋಚರವಾಯಿತು: ಇಳಿಪಟ್ಟಿಯಲ್ಲಿ ತುಂಬಿದ್ದ ಕೊಂಡಿಗಳಲ್ಲಿ ಬಹಳಷ್ಟು ಯಾರಿಗೂ ಬೇಡವಾದುವು. ‘ನಮ್ಮ ಧ್ಯೇಯ’, ‘ನಮ್ಮ ದೃಷ್ಟಿ’, ‘ನಮ್ಮ ಹಿರಿಮೆ’ ಎಂಬ ಮೂರು ಪುಟಗಳು ಒಂದೇ ಪುಟವಾದುವು. ಏಳು ಶಿರೋನಾಮೆಗಳು ಐದಾದುವು. ಐದರಲ್ಲಿ ಮೂರಕ್ಕೆ ಉಪಪಟ್ಟಿಯ ಅಗತ್ಯವೇ ಉಳಿಯಲಿಲ್ಲ. ‘ಪ್ರವೇಶ’ದ ಕೆಳಗೆ ಈಗ ಅರ್ಜಿಯ ನಮೂನೆ, ಕೊನೆಯ ದಿನಾಂಕ, ಶುಲ್ಕ, ವಿದ್ಯಾರ್ಥಿವೇತನ ಎಂಬ ನಾಲ್ಕೇ ಸಾಲುಗಳಿವೆ. ಬೆರಳನ್ನು ಎತ್ತಿದರೂ ಅವು ನಿಂತಿರುತ್ತವೆ.